ಅವಧಿಗೆ ಮೊದಲೇ ಮನೆ ಬಿಟ್ಟರೆ ಠೇವಣಿ ಯಾರದು?

ಮಾನ್ಯರೇ,

ಮುಂಬೈ ಸಮೀಪದ ಡೊಂಬಿವಲಿಯ ನನ್ನ ಪುಟ್ಟ ಫ್ಲ್ಯಾಟನ್ನು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ (ಮನೆಯನ್ನು ಬಳಸಲು ಅನುಮತಿಯನ್ನಷ್ಟೇ ಕೊಡುವ) ಕರಾರಿನ ಮೇಲೆ ಪಡೆದಿದ್ದವರು, ಆರು ತಿಂಗಳ ಲಾಕ್-ಇನ್, ಅಂದರೆ ಅಷ್ಟು ಕಾಲ ಮನೆ ಬಿಡುವಂತಿಲ್ಲವೆಂಬ ಷರತ್ತಿದ್ದರೂ, ನಾಲ್ಕನೆಯ ತಿಂಗಳಲ್ಲೇ ಬೀಗದ ಕೈಯನ್ನು ವಾಚ್‌ಮನ್‌ಗೆ ಕೊಟ್ಟು, ವಿದ್ಯುತ್ ಬಿಲ್ಲನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೊರಟುಹೋದರು. ಠೇವಣಿಯನ್ನು ಪೂರ್ತಿ ಇಟ್ಟುಕೊಳ್ಳಿ ಎಂದು ಸೊಸೈಟಿಯ ಗೆಳೆಯರು ಸಲಹೆಯಿತ್ತರು. ಸಿಟ್ಟಿನಲ್ಲಿ ನನಗೂ ಅದು ಸರಿಯೆನಿಸಿತ್ತು. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ, ಕರಾರು ಮುರಿದರೆ ಕೊಡಬೇಕೆಂದು ಅದರಲ್ಲಿ ಬರೆದ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರವನ್ನಷ್ಟೇ ಒಪ್ಪುತ್ತದೆ. ನಷ್ಟವನ್ನು ತಗ್ಗಿಸಿಕೊಳ್ಳಲು ನಮಗಿದ್ದ ದಾರಿಗಳನ್ನೂ 73ನೇ ಕಲಮಿನ ವಿವರಣೆ ಲೆಕ್ಕಕ್ಕೆ ತರುವುದರಿಂದ, ಮನೆಯನ್ನು ಖಾಲಿ ಬಿಟ್ಟು ಬಾಡಿಗೆ ಎಣಿಸುತ್ತ ಕೂರುವುದು ಫಲ ಕೊಡದು. ನಾನು ಗೋಡೆಗಳ ಫೋಟೊ ತೆಗೆದು, ಮೀಟರಿನ ಅಂಕಿ ಬರೆದುಕೊಂಡು, ಮೂರು ವಾರಗಳಲ್ಲಿ ಹೊಸಬರು ಬಂದ ಮೇಲೆ ಅಷ್ಟು ದಿನಗಳ ಬಾಡಿಗೆಯನ್ನೂ ಬಿಲ್ಲನ್ನೂ ಕಳೆದು, ಲಿಖಿತ ಲೆಕ್ಕದೊಂದಿಗೆ ಉಳಿದ ಹಣವನ್ನು ಮರಳಿಸಿದೆ.

1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಕರಾರನ್ನು ನೋಂದಾಯಿಸುವ ಹೊಣೆ ಮಾಲೀಕನದೇ. ನೋಂದಾಯಿಸದಿದ್ದರೆ, ಬೇರೆಯದು ಸಾಬೀತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಬರಿಯ ನೋಟರಿ ಮೊಹರನ್ನು ನೆಚ್ಚಿರುವ ನಮ್ಮ ಕನ್ನಡಿಗ ಮನೆಮಾಲೀಕರು ಇದನ್ನು ಗಮನಿಸಬೇಕು.

– ಓರ್ವ ಓದುಗ, ಡೊಂಬಿವಲಿ