ಅಪ್ಪಯ್ಯನಿಗೆ, ನಾನು ಹಾಕಿದ ತಕರಾರು ಅರ್ಜಿಯ ವಿಷಯ

ಡೆವನ್, ಇಂಗ್ಲೆಂಡ್

ಪ್ರೀತಿಯ ಅಪ್ಪಯ್ಯ, ಅಮ್ಮ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಮಕ್ಕಳ ಕೆಮ್ಮು ಕಡಿಮೆಯಾಗಿದೆ. ಅಮ್ಮ ಕಳಿಸಿದ ಕಷಾಯದ ಪುಡಿ ಮುಗಿಯುತ್ತಾ ಬಂತು.

ಇಲ್ಲಿ ಕ್ಯಾರವಾನ್ ನಿಲ್ಲಿಸುವ ಜಾಗ ಮಾಡುವ ಅರ್ಜಿಗೆ ನಾನು ತಕರಾರು ಹಾಕಿದ್ದಕ್ಕೆ ಭಾನುವಾರ ಫೋನಿನಲ್ಲಿ ಅಪ್ಪಯ್ಯ ಕೇಳಿದ್ದು ಇನ್ನೂ ತಲೆಯಲ್ಲಿದೆ. "ಹೊರಗಿನಿಂದ ಹೋದವಳು ನೀನು, ಆ ಊರಿನವರ ಜಮೀನಿನ ಮೇಲೆ ತಕರಾರು ಹಾಕೋದು ಯಾಕೆ?" ಅಂದಿರಿ. ಲೈನ್ ಕಟ್ ಆಗುತ್ತಿತ್ತು, ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಅಮ್ಮನಿಗೆ ಮೊದಲು ಹೇಳಬೇಕು, ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಚಕ್ರದ ಮನೆ. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇರುತ್ತದೆ. ಬೇಸಿಗೆ ರಜೆಯಲ್ಲಿ ಇಲ್ಲಿನ ಜನ ಇದನ್ನು ಎಳೆದುಕೊಂಡು ಸಮುದ್ರದ ಕಡೆ ಬರುತ್ತಾರೆ. ನಮ್ಮ ಮನೆಯಿಂದ ಸ್ವಲ್ಪ ಮುಂದೆ ಇರುವ ಹುಲ್ಲುಗಾವಲಿನಲ್ಲಿ ಇಂಥ 40 ಗಾಡಿ ನಿಲ್ಲಿಸಲು ಜಾಗ, ಸ್ನಾನದ ಕಟ್ಟಡ, ರಾತ್ರಿ ದೀಪ, ಇಷ್ಟು ಮಾಡುತ್ತೇನೆ ಅಂತ ಜಮೀನಿನ ಯಜಮಾನ ಅರ್ಜಿ ಹಾಕಿದ್ದಾನೆ.

ಅವನ ಜಮೀನು, ಅವನಿಷ್ಟ ಅಲ್ವಾ ಅನ್ನಬಹುದು. ಇಲ್ಲಿ ಹಾಗಲ್ಲ. 1947ರಲ್ಲಿ ಒಂದು ಕಾನೂನು ಬಂತು. ಅಲ್ಲಿಂದ ಈಚೆಗೆ ಜಮೀನು ನಿಮ್ಮದೇ ಆದರೂ ಅದರ ಬಳಕೆ ಬದಲಿಸಲು, ಕಟ್ಟಡ ಕಟ್ಟಲು ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ ಅನುಮತಿ ಬೇಕು. ಕ್ಯಾರವಾನ್ ಜಾಗಕ್ಕಂತೂ ಈ ಅನುಮತಿ ಆದ ಮೇಲೆ ಬೇರೆ ಲೈಸೆನ್ಸೂ ಬೇಕು, ಅದು 1960ರ ಕಾನೂನು. ನಮ್ಮಲ್ಲಿ ಭೂಪರಿವರ್ತನೆಗೆ ಡಿಸಿ ಆಫೀಸಿಗೆ ಓಡಾಡುತ್ತಾರಲ್ಲ, ಹಾಗೇ. ಆದರೆ ಇಲ್ಲಿ ಅರ್ಜಿ ಬಂದಾಗ ರಸ್ತೆ ಬದಿ ಕಂಬಕ್ಕೆ ನೋಟಿಸ್ ಕಟ್ಟುತ್ತಾರೆ, ನಕ್ಷೆ ಸಮೇತ ಎಲ್ಲ ಕಾಗದ ಆನ್‌ಲೈನ್‌ನಲ್ಲಿ ಹಾಕುತ್ತಾರೆ, 21 ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಊರಿನಲ್ಲೇ ಹುಟ್ಟಿದವರಾಗಿರಬೇಕು ಅಂತ ಎಲ್ಲೂ ಇಲ್ಲ. ನಾನು ಬರೆದದ್ದು ಆ ಹಕ್ಕಿನಿಂದ, ಅಪ್ಪಯ್ಯ. ಜಗಳಕ್ಕಲ್ಲ.

ಈಗ ರಸ್ತೆ ವಿಷಯ. ಇದೇ ಮುಖ್ಯ. ನಮ್ಮ ಹಳೇ ಮನೆಯಿಂದ ಗದ್ದೆಗೆ ಇಳಿಯುವ ಓಣಿ ಇದೆಯಲ್ಲ, ಎರಡೂ ಕಡೆ ಆಳೆತ್ತರದ ಮಣ್ಣಿನ ದರೆ, ಹಾಗೇ ಇದೆ ಆ ಹುಲ್ಲುಗಾವಲಿಗೆ ಹೋಗುವ ರಸ್ತೆ, ಡಾಂಬರು ಹಾಕಿದ್ದಾರೆ ಅಷ್ಟೇ. ದರೆಯ ಮೇಲೆ ಹೇಜಲ್, ಹಾಥಾರ್ನ್ ಗಿಡಗಳ ಬೇಲಿ. ಡೆವನ್‌ನಲ್ಲಿ ಇಂಥ ಬೇಲಿ ಸುಮಾರು 53 ಸಾವಿರ ಕಿಲೋಮೀಟರ್ ಇದೆ ಅಂತಾರೆ, ಎಷ್ಟೋ ಬೇಲಿಗಳು ನೂರಾರು ವರ್ಷ ಹಳೆಯವು. ಡಾಂಬರಿನ ನಡುವೆ ಹುಲ್ಲು ಬೆಳೆದಿರುತ್ತದೆ. ಫುಟ್‌ಪಾತ್ ಇಲ್ಲ, ದೀಪ ಇಲ್ಲ. ಎದುರಿಗೆ ಕಾರು ಬಂದರೆ ಯಾರಾದರೊಬ್ಬರು ಹಿಂದೆ ಹೋಗಿ, ದರೆ ಸ್ವಲ್ಪ ಒಳಗೆ ಸರಿದಿರುವ ಜಾಗದಲ್ಲಿ ನಿಲ್ಲಬೇಕು. ದಾಟಿದವರು ಕೈ ಎತ್ತಿ ಹೋಗಬೇಕು. ಎತ್ತದಿದ್ದರೆ ಊರೆಲ್ಲ ಸುದ್ದಿ!

ಇವರು ಟೇಪ್ ಹಿಡಿದುಕೊಂಡು ಬಂದರು, ಇಬ್ಬರೂ ಅಳೆದೆವು. ಅತಿ ಇಕ್ಕಟ್ಟಿನ ಕಡೆ 2.7 ಮೀಟರ್. ಕ್ಯಾರವಾನ್ ಕಾನೂನು ಪ್ರಕಾರ 2.55 ಮೀಟರ್ ಅಗಲದವರೆಗೆ ಇರಬಹುದು, ಎಲ್ಲವೂ ಅಷ್ಟು ಅಗಲ ಇರುವುದಿಲ್ಲ, ಆದರೆ ಹಿಂದಿನದು ಕಾಣಬೇಕು ಅಂತ ಎಳೆಯುವ ಕಾರಿನ ಎರಡೂ ಕಡೆ ಉದ್ದ ಕನ್ನಡಿ ಬೇರೆ ಸಿಕ್ಕಿಸಿರುತ್ತಾರೆ. ಅದನ್ನು ರಿವರ್ಸ್ ತೆಗೆಯುವುದು ಸುಲಭವಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಹಿಂದಿನ ಗಾಡಿ ಬಲಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ ಎಳೆಯುವವರು ಆ ತಿರುವಿನಲ್ಲಿ ಹಾಲಿನ ಟ್ಯಾಂಕರಿಗೆ ಎದುರಾದರೆ ಏನು ಮಾಡುತ್ತಾರೆ? ಎರಡು ಕ್ಯಾರವಾನ್ ಒಂದಕ್ಕೊಂದು ಎದುರಾದರೆ? ಇದೇ ಓಣಿಯಲ್ಲಿ ಮಕ್ಕಳು ಸ್ಕೂಲ್ ಬಸ್ಸಿಗೆ ನಡೆದು ಹೋಗುತ್ತಾರೆ. ಕುದುರೆ ಸವಾರರು ಬರುತ್ತಾರೆ, ದಿನಕ್ಕೆರಡು ಸಲ ದನಗಳು ದಾಟುತ್ತವೆ.

ಇನ್ನೊಂದು ಸೂಕ್ಷ್ಮ ಇದೆ, ಇದು ನನಗೂ ಅರ್ಜಿ ಓದುವವರೆಗೆ ಗೊತ್ತಿರಲಿಲ್ಲ. ಗೇಟಿನಿಂದ ಹೊರಗೆ ಬರುವ ಚಾಲಕ ರಸ್ತೆ ಅಂಚಿನಿಂದ 2.4 ಮೀಟರ್ ಹಿಂದೆ ಇದ್ದಾಗಲೇ ಅವನಿಗೆ ಎರಡೂ ಕಡೆ ಇಷ್ಟು ದೂರ ಕಾಣಬೇಕು ಅಂತ ಲೆಕ್ಕ ಇದೆ. ಗಾಡಿಗಳು 30 ಮೈಲಿ ವೇಗದಲ್ಲಿ ಬಂದರೆ 43 ಮೀಟರ್, 60 ಮೈಲಿ ಆದರೆ 215 ಮೀಟರ್. ಈ ಓಣಿಗೆ ಬೇರೆ ಬೋರ್ಡ್ ಇಲ್ಲದ್ದರಿಂದ ಕಾನೂನಿನ ಮಿತಿ 60 ಮೈಲಿ, ಅಂದರೆ ಗಂಟೆಗೆ ಸುಮಾರು 97 ಕಿ.ಮೀ.! ಆ ವೇಗದಲ್ಲಿ ಇಲ್ಲಿ ಹುಚ್ಚರೂ ಹೋಗುವುದಿಲ್ಲ. ಜಮೀನಿನವನ ಎಂಜಿನಿಯರು ನಿಜವಾದ ವೇಗ ಅಳೆದು ಕಡಿಮೆ ದೂರ ಸಾಕು ಅಂತ ಬರೆದಿದ್ದಾನೆ. ಅದು ತಪ್ಪಲ್ಲ. ಆದರೆ ಕಡಿಮೆ ಅಂದರೂ ಎರಡೂ ಕಡೆ ಸೇರಿ 80 ಮೀಟರ್‌ಗೂ ಜಾಸ್ತಿ ಬೇಲಿ ಕಡಿದು ದರೆ ತೆಗೆಯಬೇಕು. 1997ರ ನಿಯಮದ ಪ್ರಕಾರ ಹಳೇ ಬೇಲಿ ಕೀಳಲು ಕೌನ್ಸಿಲ್ಲನ್ನು ಕೇಳಬೇಕು. ಆದರೆ ಈ ಅರ್ಜಿಗೆ ಅನುಮತಿ ಸಿಕ್ಕಿಬಿಟ್ಟರೆ ಅದಕ್ಕೆ ಬೇಕಾದ ಬೇಲಿಗೆ ಬೇರೆ ಕೇಳುವಂತಿಲ್ಲ. ಹೇಳುವುದಿದ್ದರೆ ಈಗಲೇ ಹೇಳಬೇಕು.

ಊರಿನ ಹಾಲ್‌ನಲ್ಲಿ ಪ್ಯಾರಿಷ್ ಕೌನ್ಸಿಲ್ ಸಭೆ ಆಯಿತು. ಇದು ನಮ್ಮ ಪಂಚಾಯಿತಿ ಥರ, ಆದರೆ ಅಭಿಪ್ರಾಯ ಕೊಡಬಹುದು ಅಷ್ಟೇ, ತೀರ್ಮಾನ ಮೇಲಿನ ಜಿಲ್ಲಾ ಕೌನ್ಸಿಲ್‌ದು. ರಸ್ತೆ ಮಾತ್ರ ಕೌಂಟಿ ಕೌನ್ಸಿಲ್‌ದು, ಅವರನ್ನೂ ಕೇಳುತ್ತಾರೆ. ಸಭೆಯಲ್ಲಿ ಜನ ಎದ್ದು ಎದ್ದು ಮಾತಾಡಿದರು. ಮನೆ ಬೆಲೆ ಬಿದ್ದುಹೋಗುತ್ತದೆ ಅಂದರು, ಕಿಟಕಿಯಿಂದ ಗುಡ್ಡ ಕಾಣುವುದಿಲ್ಲ ಅಂದರು. ಇವೆರಡೂ ಲೆಕ್ಕಕ್ಕೆ ಬರುವುದಿಲ್ಲ. ರಸ್ತೆ ಸುರಕ್ಷತೆ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ಗದ್ದಲ, ಸುತ್ತಲಿನ ನೋಟ, ಪ್ರಾಣಿಪಕ್ಷಿ, ಇವು ಲೆಕ್ಕಕ್ಕೆ ಬರುತ್ತವೆ. ಸುಮ್ನೆ "ಟ್ರಾಫಿಕ್ ಜಾಸ್ತಿ ಆಗುತ್ತೆ" ಅಂದರೂ ಪ್ರಯೋಜನ ಕಮ್ಮಿ. ಸರ್ಕಾರದ ನೀತಿಯಲ್ಲಿ ಪರಿಣಾಮ ತೀವ್ರವಾಗಿರಬೇಕು ಅಥವಾ ಸುರಕ್ಷತೆಗೆ ಒಪ್ಪಲಾಗದ ಧಕ್ಕೆ ಆಗಬೇಕು ಅಂತಿದೆ. ಅದಕ್ಕೇ ನಾನು ಅಳತೆ, ಫೋಟೋ, ಯಾವ ತಿರುವಿನಲ್ಲಿ ಹಿಂದೆ ಹೋಗಲು ಎಷ್ಟು ದೂರ, ಇಷ್ಟೇ ಬರೆದೆ.

ಅಪ್ಪಯ್ಯ, ನಿಮಗೆ ಫೋನಿನಲ್ಲಿ ಹೇಳದ ಒಂದು ಮಾತಿದೆ. ಸಭೆ ಮುಗಿದ ಮೇಲೆ ಒಬ್ಬರು ಸಹಿ ಸಂಗ್ರಹದ ಕಾಗದ ತಂದರು. ಅದರಲ್ಲಿ, ಇವತ್ತು ಪ್ರವಾಸಿಗಳು ಅಂತಾರೆ, ನಾಳೆ ಜಿಪ್ಸಿಗಳು ಬಂದು ನೆಲೆಸುತ್ತಾರೆ, ಅಂಥ ಜನ ನಮಗೆ ಬೇಡ ಅಂತ ಬರೆದಿತ್ತು. ಹಿಂದಿನಿಂದ ಗಾಡಿಗಳಲ್ಲೇ ಊರೂರು ಅಲೆದು ಬದುಕಿದ ರೊಮಾನಿ ಜಿಪ್ಸಿಗಳು ಇಲ್ಲಿ ನೂರಾರು ವರ್ಷದಿಂದ ಇರುವವರು. ಅವರೂ ಒಂದು ಜನಾಂಗ, ಜನಾಂಗಭೇದದ ವಿರುದ್ಧದ ಕಾನೂನು ಅವರಿಗೂ ಅನ್ವಯಿಸುತ್ತದೆ ಅಂತ 1988ರಲ್ಲೇ ಕೋರ್ಟ್ ಹೇಳಿದೆ. ಬಣ್ಣ ನೋಡಿ ನನ್ನನ್ನು ದೂರ ಇಡಬಾರದು ಅನ್ನುವ ಕಾನೂನೂ ಅದೇ. ನಾನು ಸಹಿ ಹಾಕಲಿಲ್ಲ. ಯಾಕೆ ಅಂತ ಕೇಳಿದರು. "ನನ್ನ ತಕರಾರು ರಸ್ತೆ ಮೇಲೆ, ಜನರ ಮೇಲಲ್ಲ" ಅಂದೆ. ಅವರ ಮುಖ ಸಣ್ಣದಾಯಿತು. ಈಗ ಇಬ್ಬರು ಮೂವರು ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡುವುದಿಲ್ಲ. ಜಮೀನಿನವನೂ ಅಷ್ಟಕ್ಕಷ್ಟೇ. ಹೀಗಾಗಿ ನಾನು ಎರಡೂ ಕಡೆಗೆ ಕೆಟ್ಟವಳು.

ಜಮೀನಿನವನು ಕೆಟ್ಟವನಲ್ಲ. ಹಿಮ ಬಿದ್ದಾಗ ನಮ್ಮ ಕಾರನ್ನು ಟ್ರ್ಯಾಕ್ಟರಿನಲ್ಲಿ ಎಳೆದು ಕೊಟ್ಟವನು ಅವನೇ. ಹಾಲಿನ ದರ ನಂಬಿಕೊಂಡು ಬದುಕುವುದು ಇಲ್ಲೂ ಕಷ್ಟ. ಹಳ್ಳಿಯಲ್ಲಿ ಪ್ರವಾಸೋದ್ಯಮ ಬೆಳೆಯಲಿ ಅಂತ ಸರ್ಕಾರದ ನೀತಿಯೂ ಹೇಳುತ್ತದೆ. ಅಭಿಪ್ರಾಯದ ಜೊತೆ ಹೆಸರೂ ಪ್ರಕಟವಾಗುತ್ತದೆ, ಅವನು ಓದೇ ಓದುತ್ತಾನೆ. ಅದಕ್ಕೆ ಕಳಿಸುವ ಮೊದಲು ನಾನೇ ಅವನ ಮನೆಗೆ ಹೋಗಿ ಹೇಳಿ ಬಂದೆ. ದೊಡ್ಡ ಕ್ಯಾರವಾನ್ ಕ್ಲಬ್‌ಗಳು ಪ್ರಮಾಣಪತ್ರ ಕೊಟ್ಟರೆ 5 ಗಾಡಿವರೆಗೆ ಈ ಅನುಮತಿಯೇ ಬೇಕಾಗಿಲ್ಲ. ಅಷ್ಟು ಮಾಡಿದರೆ ನನ್ನದೇನೂ ತಕರಾರಿಲ್ಲ ಅಂದೆ. "5 ಗಾಡಿಯಲ್ಲಿ ಸ್ನಾನದ ಮನೆ ಖರ್ಚೂ ಹುಟ್ಟಲ್ಲ" ಅಂದ. ಅವನ ಮಾತಿನಲ್ಲೂ ನಿಜ ಇದೆ. ಹಾಗಂತ ರಸ್ತೆ ಅಗಲ ಆಗುತ್ತದೆಯೇ?

ಜಾಗ ಒಂದು ಹೆಕ್ಟೇರಿಗಿಂತ ದೊಡ್ಡದು, ಹಾಗಾಗಿ ತೀರ್ಮಾನಕ್ಕೆ 13 ವಾರದ ಗಡುವು. ಬೇಡ ಅಂದರೆ ಅವನು ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಸರ್ಕಾರದಿಂದ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಕೊಟ್ಟುಬಿಟ್ಟರೆ ನಮಗೆ ಮೇಲ್ಮನವಿ ಇಲ್ಲ. ಹೈಕೋರ್ಟಿಗೆ ಹೋಗಬೇಕು, ಅದೂ ಆರು ವಾರದೊಳಗೆ. ಅಷ್ಟು ದುಡ್ಡು ಯಾರ ಹತ್ತಿರ ಇದೆ? ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಅರ್ಜಿ ಜಿಲ್ಲಾ ಕೌನ್ಸಿಲ್ ಸಮಿತಿ ಮುಂದೆ ಬಂದರೆ ಮಾತಾಡಲು ಕೆಲವೇ ನಿಮಿಷ ಸಿಗುತ್ತದೆ. ನಾನೇ ಮಾತಾಡಬೇಕು ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ, ಒಪ್ಪಿಕೊಂಡಿದ್ದೇನೆ.

ಕೊನೆಗೆ ಅಣ್ಣನ ಹೋಮ್‌ಸ್ಟೇ ವಿಷಯ. ಆರು ರೂಮು, ಟೆಂಪೋ ಟ್ರಾವೆಲರ್ ಬರುತ್ತದೆ ಅಂತ ಅತ್ತಿಗೆ ಮೆಸೇಜ್ ಮಾಡಿದ್ದರು. ಅವನು "ನಂಗೂ ಅಡ್ಡ ಬರ್ತೀಯಾ?" ಅಂತ ನಗುತ್ತಿದ್ದ. ಬರುವುದಿಲ್ಲ ಅಂತ ಹೇಳಿ. ಆದರೆ ಮೋರಿ ಹತ್ತಿರ ರಸ್ತೆ ಎಷ್ಟು ಅಗಲ ಇದೆ ಅಂತ ಅಳೆದು, ಒಂದು ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಲಿ. ಶಾಲೆ ವ್ಯಾನು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತದೆ ಅನ್ನುವುದನ್ನೂ ಬರೆಯಲಿ.

ನಿಮ್ಮ ಮಗಳು,
ಸುಮಾ