ಅತ್ತೆ ನನ್ನ ಪಾಲಿನ ಪ್ರಾರ್ಥನೆಯನ್ನೂ ಮಾಡಿದ ರಾತ್ರಿ

ಈ ಕೃತಜ್ಞತೆಯ ಮಾತನ್ನು ಜನವರಿಯಲ್ಲೇ ಬರೆಯಬೇಕಿತ್ತು. ಆಗ ಕೈ ಓಡಲಿಲ್ಲ. ಈಸ್ಟರ್ ಹೊತ್ತಿಗೆ ಬರೆಯೋಣ ಅಂದುಕೊಂಡೆ, ಅದೂ ಆಗಲಿಲ್ಲ. ಈಗ ಮತ್ತೆ ಆಗಮನ ಕಾಲ, ಕ್ರಿಸ್ಮಸ್‌ಗೆ ಮುಂಚಿನ ಕಾಯುವ ವಾರಗಳು, ಬಂದಿದೆ. ಹೋದ ಭಾನುವಾರ ಆರಾಧನೆಯಲ್ಲಿ, ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಎರಡನೆಯದನ್ನು ಹಚ್ಚಿದರು. ನಮ್ಮ ಸಭೆಯಲ್ಲಿ ಅದನ್ನು ಸಮಾಧಾನದ ಬತ್ತಿ ಅನ್ನುತ್ತಾರೆ. ಅದು ಹತ್ತಿಕೊಳ್ಳುವುದನ್ನು ನೋಡುತ್ತಾ ಕೂತಾಗ, ಇನ್ನು ತಡ ಮಾಡಬಾರದು ಅನ್ನಿಸಿತು.

ಹೋದ ಡಿಸೆಂಬರಿನಲ್ಲಿ ನನ್ನ ಗಂಡ ಐಸಿಯುನಲ್ಲಿದ್ದಾಗ ಏನಾಯಿತು ಅನ್ನುವುದು ಸಭೆಯವರಾದ ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ. ಇವರು ಈಗ ಮನೆಯಲ್ಲಿದ್ದಾರೆ, ಓಡಾಡುತ್ತಾರೆ, ದನಿ ಮಾತ್ರ ಇನ್ನೂ ಸಣ್ಣಗಿದೆ. ಅಷ್ಟು ಸಾಕು.

ಮಕ್ಕಳನ್ನು ಹದಿನೆಂಟು ದಿನ ತನ್ನ ಮನೆಯಲ್ಲಿಟ್ಟುಕೊಂಡ ಗೆಳತಿಗೆ, ರಾತ್ರೋರಾತ್ರಿ ಬಂದು ರಕ್ತ ಕೊಟ್ಟ ಯುವಜನ ಸಂಘದ ಹುಡುಗರಿಗೆ, ಬಿಲ್ಲು ರಸೀದಿಗಳ ಲೆಕ್ಕವನ್ನೆಲ್ಲ ತನ್ನ ತಲೆ ಮೇಲೆ ಹಾಕಿಕೊಂಡ ಮೈದುನನಿಗೆ, ಕೇಳುವ ಮೊದಲೇ ರಜೆ ಕೊಟ್ಟ ನನ್ನ ಮೇಲಧಿಕಾರಿಗೆ, ದಿನಾ ಬೆಳಿಗ್ಗೆ ಫೋನ್ ಮಾಡಿ ಒಂದೇ ಒಂದು ವಚನ ಓದಿ ಇಟ್ಟುಬಿಡುತ್ತಿದ್ದ ಪಾಸ್ಟರ್‌ಗೆ, ಯಾರಿಗೂ ಹೇಳದೆ ನಮಗಾಗಿ ಮೊಣಕಾಲೂರಿದ ನಿಮ್ಮೆಲ್ಲರಿಗೆ ನನ್ನ ಮನಸಾರೆ ವಂದನೆ. ಒಬ್ಬೊಬ್ಬರ ಬಗ್ಗೆಯೂ ಬರೆಯುವಷ್ಟಿದೆ. ಆದರೆ ಇವತ್ತು ನಾನು ಬರೆಯಬೇಕಾಗಿರುವುದು ಅತ್ತೆಯ ಬಗ್ಗೆ.

ಹೋದ ವರ್ಷ ಡಿಸೆಂಬರ್ 24ರ ರಾತ್ರಿ. ಸಂಜೆ ಡಾಕ್ಟರ್ ಬಂದು, ಬೆಳಗಾಗುವವರೆಗೆ ಏನೂ ಹೇಳೋಕೆ ಆಗಲ್ಲ ಅಂದು ಹೋಗಿದ್ದರು. ಐಸಿಯು ಹೊರಗಿನ ಸಾಲು ಕುರ್ಚಿಗಳಲ್ಲಿ ನಾವು ಐದಾರು ಜನ. ಒಬ್ಬರಿಗೊಬ್ಬರ ಪರಿಚಯ ಇಲ್ಲ. ಎಲ್ಲರ ಕಣ್ಣೂ ಅದೇ ಬಾಗಿಲ ಮೇಲೆ. ನಮ್ಮವರನ್ನೆಲ್ಲ ಮನೆಗೆ ಕಳಿಸಿ ಅತ್ತೆ ಮಾತ್ರ ನನ್ನ ಜೊತೆ ಉಳಿದರು. ಅವರಿಗೆ 74 ವರ್ಷ. ಒಳಗೆ ಮಲಗಿದ್ದವರು ನನಗೆ ಗಂಡ, ಅವರಿಗೆ ಮಗ. ಸಮಾಧಾನ ಹೇಳಿಸಿಕೊಳ್ಳುವ ಹಕ್ಕು ನನಗಿಂತ ಅವರಿಗೇ ಜಾಸ್ತಿ ಇತ್ತು. ಆ ರಾತ್ರಿ ನನಗೆ ಅದು ಹೊಳೆಯಲೇ ಇಲ್ಲ. ಅದನ್ನು ನೆನೆದಾಗೆಲ್ಲ ಈಗಲೂ ಸಂಕಟವಾಗುತ್ತದೆ.

ಆ ಹೊತ್ತಿಗೆ ನನಗೆ ಪ್ರಾರ್ಥನೆ ನಿಂತುಹೋಗಿ ಮೂರು ದಿನವಾಗಿತ್ತು. ಕಣ್ಣು ಮುಚ್ಚಿದರೆ ಮಾತು ಬರುತ್ತಿರಲಿಲ್ಲ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮಾತು ಬಂತು, ಆದರೆ ಬರಬಾರದ ಹಾಗೆ ಬಂತು. ಜೋರಾಗಿಯೇ ಅಂದುಬಿಟ್ಟೆ: "ನಿನ್ನ ಮಗ ಹುಟ್ಟಿದ ದಿನ ಇವರ ಮಗನನ್ನು ತಗೊಂಡು ಹೋಗ್ತೀಯಾ?"

ಹೇಳಿದ ಮೇಲೆ ಮೈ ನಡುಗಿತು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಮನೆಯಲ್ಲಿ ದೇವರ ವಿಷಯದಲ್ಲಿ ಒಂದು ಹಗುರ ಮಾತನ್ನೂ ಸಹಿಸದವರು ಅವರು. ಆದರೆ ಅವರು ಸುಮ್ನೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಕೇಳು ಮಗಾ. ಅವನನ್ನು ಬಿಟ್ಟು ಇನ್ಯಾರನ್ನು ಕೇಳ್ತೀಯ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ಆಗದಿದ್ದರೆ ಬಿಡು. ಇವತ್ತು ನಿನ್ನ ಪಾಲಿಂದೂ ನಾನೇ ಮಾಡ್ತೀನಿ" ಅಂದರು.

ನನ್ನ ಪಾಲಿನದೂ! ಹತ್ತಿರದವರಿಗೆ ಸಾವಿರ ಸಲ ಉಪಕಾರ ಮಾಡಬಹುದು. ಆದರೆ ನಿನ್ನ ನಂಬಿಕೆ ಬತ್ತಿಹೋದ ರಾತ್ರಿ ನನ್ನದರಲ್ಲೇ ಇಬ್ಬರೂ ಇರೋಣ ಅಂತ ಯಾರಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅವರ ಕನ್ನಡಕ ಮನೆಯಲ್ಲೇ ಉಳಿದಿತ್ತು. ಕೈಯಲ್ಲಿ ಬೈಬಲಿನ ಹೊಸ ಒಡಂಬಡಿಕೆಯ ಹಳೇ ಪುಸ್ತಕ, ಹಾಳೆ ಬಿಡಿಬಿಡಿಯಾಗಿ ರಬ್ಬರ್ ಬ್ಯಾಂಡ್ ಹಾಕಿದ್ದು. ತೆರೆಯಲೇ ಇಲ್ಲ. ಯೇಸು ಹುಟ್ಟಿದ ಕಥೆಯಿರುವ ಲೂಕನ ಎರಡನೇ ಅಧ್ಯಾಯ ಅವರಿಗೆ ಬಾಯಿಪಾಠ. ಔಗುಸ್ತ ಚಕ್ರವರ್ತಿಯ ಖಾನೇಷುಮಾರಿಯಿಂದ, ಅಂದರೆ ಜನಗಣತಿಯಿಂದ, ಶುರು ಮಾಡಿದರು. ಛತ್ರದಲ್ಲಿ ಜಾಗ ಸಿಗಲಿಲ್ಲ, ತಾಯಿ ಮರಿಯಳು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಮಕ್ಕಳನ್ನು ಮಲಗಿಸುವಾಗ ಹೇಳುವ ದನಿಯಲ್ಲಿ ಹೇಳುತ್ತಾ ಹೋದರು. ಹೊಲದಲ್ಲಿ ಸರದಿಯ ಮೇಲೆ ಎಚ್ಚರವಿದ್ದು ಮಂದೆ ಕಾಯುತ್ತಿದ್ದ ಕುರುಬರ ಮಾತು ಬಂದಾಗ ನಾನು ತಲೆಯೆತ್ತಿದೆ. ಆ ಕಥೆಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಮೊದಲ ಸುದ್ದಿ ಹೋಗಿದ್ದು ರಾತ್ರಿ ನಿದ್ದೆಗೆಟ್ಟು ಕೂತವರ ಹತ್ತಿರಕ್ಕೆ ಅನ್ನುವುದು ಅವತ್ತೇ ಕಿವಿಗೆ ಬಿದ್ದದ್ದು. ಅವರಿಗೆ ದೂತನು ಹೇಳಿದ ಮೊದಲ ಮಾತು ಹೆದರಬೇಡಿ ಅಂತ. ಅದಕ್ಕೂ ಮೊದಲು ಯಾಜಕ ಜಕರೀಯನಿಗೆ, ಮರಿಯಳಿಗೆ, ಅವಳ ಗಂಡ ಯೋಸೇಫನಿಗೆ ಹೇಳಿದ್ದೂ ಅದನ್ನೇ. ಹೆದರಿದವರು ಇದ್ದರು, ಅದಕ್ಕೇ ಹೇಳಬೇಕಾಯಿತು.

ಆಮೇಲೆ ಅತ್ತೆ ಚೀಲದಿಂದ ಬಾಚಣಿಗೆ ತೆಗೆದು, "ಆಚೆ ತಿರುಗು" ಅಂದರು. ನಾನು ತಲೆ ಬಾಚಿ ಎಷ್ಟು ದಿನವಾಗಿತ್ತೋ. ಕೂದಲೆಲ್ಲ ಗಂಟುಗಂಟು. ಅವರು ತುದಿಯಿಂದ ಶುರು ಮಾಡಿದರು. ಎಳೆತ ಬುಡಕ್ಕೆ ತಾಗಬಾರದು ಅಂತ ಎಡಗೈಯಲ್ಲಿ ಕೂದಲನ್ನು ಮೇಲೆ ಬಿಗಿಯಾಗಿ ಹಿಡಿದು, ಕೆಳಗಿನ ಸಿಕ್ಕನ್ನು ಎಳೆಎಳೆಯಾಗಿ ಬಿಡಿಸಿದರು. ಒಂದು ಗಂಟು ಬಿಡಿಸಿದ ಮೇಲೆ ಒಂದಿಷ್ಟು ಮೇಲೆ. ಮತ್ತೊಂದು ಗಂಟು. ನಡುನಡುವೆ ಅವರ ತುಟಿ ಅಲ್ಲಾಡುವ ಸದ್ದು. ನನ್ನ ಪಾಲಿನದನ್ನು ಮಾಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಕಡೆಗೆ ಜಡೆ ಹೆಣೆದು, ಪುಸ್ತಕಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡನ್ನೇ ತೆಗೆದು ಕಟ್ಟಿದರು.

ಅಷ್ಟರಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ನೋಡಿದರೆ ಫೈಲು. ಸಂಜೆಯಿಂದ ಅದನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ. ಕೈ ಯಾವಾಗ ಸಡಿಲವಾಯಿತೋ ಗೊತ್ತಿಲ್ಲ. ಅಂಗೈಯಲ್ಲಿ ಫೈಲಿನ ಅಂಚಿನ ಗೆರೆ ಹಾಗೇ ಕೂತಿತ್ತು. ಆಗ ಗಂಟೆ ನಾಲ್ಕು. ಒಳಗಿನಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಭಯ ಹೋಗಿರಲಿಲ್ಲ, ಪಕ್ಕದಲ್ಲೇ ಕೂತಿತ್ತು. ಆದರೆ ಅದರ ಜೊತೆ ನಾನೊಬ್ಬಳೇ ಇರಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಎದೆಯೊಳಗೆ ಒಂದು ಜಾಗ ಹಗುರವಾಯಿತು, ಅಷ್ಟೇ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಬೆಳಿಗ್ಗೆ ಒಳ್ಳೇ ಸುದ್ದಿ ಬಂದ ಮೇಲೆ ಎಲ್ಲರೂ "ದೇವರ ಕೃಪೆ, ಉಳಿದುಕೊಂಡರು" ಅಂದರು. ಪ್ರೀತಿಯಿಂದ ಅಂದ ಮಾತು. ನಾನೂ ತಲೆಯಾಡಿಸಿದೆ. ಆದರೆ ಅದೇ ಬೆಳಿಗ್ಗೆ, ಅದೇ ಸಾಲಿನ ಕೊನೇ ಕುರ್ಚಿಯಲ್ಲಿದ್ದ ಹುಡುಗಿಯನ್ನು ಒಳಗೆ ಕರೆದರು. ಅವಳ ಅಪ್ಪ ಉಳಿಯಲಿಲ್ಲ. ರಾತ್ರಿಯೆಲ್ಲ ಅವಳೂ ಪ್ರಾರ್ಥನೆ ಮಾಡಿದ್ದಳು. ನನಗಿಂತ ಚೆನ್ನಾಗಿ ಮಾಡಿದ್ದಳು. ನಮಗೆ ಕೃಪೆ ಬಂತು, ಅವಳಿಗೆ ಬರಲಿಲ್ಲ ಅಂತ ಹೇಳಿದರೆ ಅದು ಸುಳ್ಳು. ದಯವಿಟ್ಟು ಯಾರೂ ಹಾಗೆ ಹೇಳಬೇಡಿ. ನನಗೆ ಕೃಪೆ ಸಿಕ್ಕಿದ್ದು ನಾಲ್ಕು ಗಂಟೆಗೆ, ಏನೂ ಗೊತ್ತಿಲ್ಲದಾಗ. ಆರೂವರೆಗೆ ಸಿಕ್ಕಿದ್ದು ಇವರ ಜೀವ. ಅದಕ್ಕೂ ದೇವರಿಗೆ ಸ್ತೋತ್ರ, ದಿನಾ ಸ್ತೋತ್ರ. ಆದರೆ ಎರಡೂ ಒಂದೇ ಅಲ್ಲ.

ಕ್ರಿಸ್ಮಸ್ ಕಥೆಯಲ್ಲೇ ಆ ಹುಡುಗಿಗೂ ಜಾಗ ಇದೆ. ನಾವು ಅದನ್ನು ಓದದೆ ದಾಟಿಬಿಡುತ್ತೇವೆ. ಮತ್ತಾಯ ಎರಡನೇ ಅಧ್ಯಾಯದಲ್ಲಿ ರಾಜ ಹೆರೋದನು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸುತ್ತಾನೆ. ಪ್ರವಾದಿ ಯೆರೆಮೀಯನ ಮಾತು ಅಲ್ಲಿ ಬರುತ್ತದೆ: ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಹೊಂದಲು ಒಪ್ಪುವುದಿಲ್ಲ. ಅವಳನ್ನು ಅಲ್ಲಿ ಯಾರೂ ಗದರುವುದಿಲ್ಲ. ಪಶ್ಚಿಮದ ಸಭೆಗಳು ಆ ಕೂಸುಗಳ ನೆನಪನ್ನು ಡಿಸೆಂಬರ್ 28ಕ್ಕೆ ಇಟ್ಟುಕೊಂಡಿವೆ, ಹಬ್ಬ ಆಗಿ ಮೂರೇ ದಿನಕ್ಕೆ.

ಸಮಾಧಾನ ಅನ್ನುವ ಮಾತೇ ನೋಡಿ. ಆ ಹದಿನೆಂಟು ದಿನ ನಾನು ಅತಿ ಹೆಚ್ಚು ಕೇಳಿದ್ದು "ಸಮಾಧಾನ ಮಾಡ್ಕೋ" ಅಂತ. ಹೇಳಿದವರ ಮೇಲೆ ನನಗೆ ಬೇಜಾರಿಲ್ಲ, ಬೇರೆ ಏನು ತಾನೇ ಹೇಳುತ್ತಾರೆ? ಆದರೆ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಬೇತ್ಲೆಹೇಮಿನ ಹೊಲದಲ್ಲಿ ದೂತರು ಹಾಡಿದ್ದೂ ಭೂಮಿಯ ಮೇಲೆ ಸಮಾಧಾನ ಅಂತಲೇ. ಮಾಡಿಕೊಳ್ಳಿ ಅಂತ ಅಲ್ಲ. ಬಂದಿದೆ ಅಂತ. ದೇವರು ಮೆಚ್ಚುವ ಮನುಷ್ಯರಿಗೆ ಅಂತ ಆ ವಚನದಲ್ಲಿದೆ, ಹಾಗಾಗಿ ಅದು ಒಳ್ಳೆಯವರಿಗೆ ಮಾತ್ರ ಅಂತ ಎಷ್ಟೋ ವರ್ಷ ಅಂದುಕೊಂಡಿದ್ದೆ. ಪಾಸ್ಟರ್ ಆಮೇಲೆ ಬಿಡಿಸಿ ಹೇಳಿದರು. ಅಲ್ಲಿರುವ ಗ್ರೀಕ್ ಮಾತು ಯೂದೊಕಿಯಾ. ಅದು ಮನುಷ್ಯರ ಯೋಗ್ಯತೆಯಲ್ಲ, ದೇವರ ಮನಸ್ಸಿನ ಪ್ರೀತಿ. ಆ ರಾತ್ರಿ ನನ್ನಲ್ಲಿ ಮೆಚ್ಚುವಂಥದ್ದು ಏನಿತ್ತು? ಅವನನ್ನೇ ಬೈದು ಕೂತಿದ್ದೆನಲ್ಲ.

ಈ ಸಲದ ಆಗಮನದ ಪ್ರಸಂಗದಲ್ಲಿ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ ಬಗ್ಗೆ ಹೇಳಿದರು. ಹಿಟ್ಲರನನ್ನು ಎದುರಿಸಿದ ಜರ್ಮನ್ ಪಾಸ್ಟರ್. 1943ರ ನವೆಂಬರಿನಲ್ಲಿ ಬರ್ಲಿನ್ನಿನ ಟೆಗೆಲ್ ಜೈಲಿನಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ, ಆಗಮನ ಕಾಲ ಜೈಲಿನ ಕೋಣೆಯ ಹಾಗೇ ಇದೆ ಅನ್ನುತ್ತಾರೆ. ಒಳಗಿರುವವನು ಕಾಯಬಹುದು, ಏನೇನೋ ಮಾಡಬಹುದು, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು. ಬಾನ್‌ಹಾಫರ್ ಬಿಡುಗಡೆಯಾಗಲಿಲ್ಲ. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಅದನ್ನು ಕೇಳುವಾಗ ನನಗೆ ಆ ಐಸಿಯು ಬಾಗಿಲು ನೆನಪಾಯಿತು. ಅಷ್ಟೂ ಜನ ಅದೊಂದೇ ಬಾಗಿಲು ನೋಡುತ್ತಿದ್ದೆವು. ತೆರೆದದ್ದು ಬೇರೆ ಬಾಗಿಲು.

ಅಪೊಸ್ತಲ ಪೌಲನೂ ಸೆರೆಯಲ್ಲಿದ್ದಾಗಲೇ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದದ್ದು, ಎಲ್ಲ ಗ್ರಹಿಕೆಯನ್ನು ಮೀರುವ ದೇವಶಾಂತಿ ನಿಮ್ಮ ಹೃದಯಗಳನ್ನು ಕಾಯುತ್ತದೆ ಅಂತ. ಕಾಯುತ್ತದೆ ಅನ್ನುವಲ್ಲಿ ಅವನು ಬಳಸಿದ್ದು ಪಟ್ಟಣದ ಕಾವಲು ನಿಲ್ಲುವ ಸಿಪಾಯಿಗಳಿಗೆ ಬಳಸುವ ಮಾತಂತೆ. ನನಗೆ ಸಿಪಾಯಿ ಕಾಣುವುದಿಲ್ಲ. ನೀಲಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಬಾಗಿಲು ನೋಡುತ್ತಾ ಕೂತ ಹೆಂಗಸು ಕಾಣುತ್ತಾರೆ.

ಅತ್ತೆ, ನಾನು ಈ ಮನೆಗೆ ಬಂದು ಹದಿನಾರು ವರ್ಷ. ಇಬ್ಬರೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡಿದವರಲ್ಲ. ಕೆಲವು ವರ್ಷ ಕೋಪದಲ್ಲೂ ಕಳೆದಿದ್ದೇವೆ, ಅದನ್ನು ಮುಚ್ಚಿಡುವುದಿಲ್ಲ. ಆ ರಾತ್ರಿ ನೀವು ಯಾವಾಗ ಅತ್ತಿರಿ? ನಾನು ನಿದ್ದೆ ಹೋದ ಮೇಲೆ ಇರಬೇಕು. ಐದಕ್ಕೆ ಎಚ್ಚರವಾದಾಗ ನನ್ನ ತಲೆ ನಿಮ್ಮ ತೊಡೆಯ ಮೇಲಿತ್ತು. ನಿಮ್ಮ ಸೆರಗಿನ ತುದಿ ಒದ್ದೆಯಾಗಿತ್ತು. ನಾನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ನನ್ನ ಪಾಲಿನದನ್ನು ಹೊತ್ತವರ ಪಾಲಿನದನ್ನು ಯಾರು ಹೊತ್ತರು ಅಂತ ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ. ನಿಮಗೆ ಥ್ಯಾಂಕ್ಸ್ ಅಂದರೆ ತೀರಾ ಸಣ್ಣ ಮಾತಾಗುತ್ತದೆ. ಆದರೂ ಎಲ್ಲರೆದುರು ಹೇಳಬೇಕು ಅಂತ ಆಸೆ.

24ರ ಸಂಜೆಯ ಆರಾಧನೆಗೆ ಇವರೂ ಬರುತ್ತಾರೆ. ಜಾಸ್ತಿ ಮಾತಾಡಿಸಬೇಡಿ, ಕೈ ಹಿಡಿದು ನಕ್ಕರೆ ಸಾಕು.

ಇಲ್ಲಿಯವರೆಗೆ ಬರೆದು ಅತ್ತೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ತಮ್ಮ ಬಗ್ಗೆ ಬರೆದದ್ದಕ್ಕೆ ಏನೂ ಅನ್ನಲಿಲ್ಲ. "ಆ ಹುಡುಗಿಗೆ ಅಪ್ಪ ಇಲ್ಲದ ಮೇಲೆ ಬರೋ ಮೊದಲ ಕ್ರಿಸ್ಮಸ್ಸು ಇದು. ಫೋನ್ ಮಾಡಿದೆಯಾ?" ಅಂತ ಕೇಳಿದರು. ಅವಳ ನಂಬರ್ ಅವತ್ತೇ ತೆಗೆದುಕೊಂಡಿದ್ದೆ. ಮೂರು ತಿಂಗಳಿಂದ ಮಾಡಿಲ್ಲ.

ಈಗ ಮಾಡುತ್ತೇನೆ.