ಆ ಬಾಲ ಪವಾಡದಿಂದ ಬಂದಿದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದಾದ ಸಿನಿಮಾಗಳ ಬಗ್ಗೆ ಬರೆದಿದ್ದಿರಿ. ಅದರಲ್ಲಿ 2011ರ ‘ಡಾಲ್ಫಿನ್ ಟೇಲ್’ ಕೂಡ ಇದ್ದದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಹುಡುಗನ ಪ್ರೀತಿಯಿಂದಲೇ ಡಾಲ್ಫಿನ್‌ಗೆ ಪವಾಡದ ಹಾಗೆ ಬಾಲ ಸಿಕ್ಕಿತು ಅಂತ ಬರೆದಿದ್ದ ಆ ಒಂದು ಸಾಲು ಮಾತ್ರ ವಾರವೆಲ್ಲ ಮನಸ್ಸಿನಲ್ಲಿ ಕೊರೆಯುತ್ತಿದೆ.

ನನ್ನ ಎಡಗಾಲು ಮಂಡಿಯಿಂದ ಕೆಳಗೆ ಇಲ್ಲ. 11 ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಹೋಯಿತು. ದಿನಾ ಬೆಳಿಗ್ಗೆ ಕೃತಕ ಕಾಲು ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತೇನೆ. ಹಾಗಾಗಿ ಆ ಸಿನಿಮಾದ ಒಂದು ದೃಶ್ಯ ಬೇರೆಯವರಿಗೆ ಕಾಣುವ ಹಾಗೆ ನನಗೆ ಕಾಣುವುದಿಲ್ಲ.

ನೋಡದೇ ಇದ್ದವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಯಾರ ಜೊತೆಗೂ ಹೆಚ್ಚು ಬೆರೆಯದ ಒಬ್ಬ ಹುಡುಗ. ಸಮುದ್ರದ ದಡದಲ್ಲಿ, ಏಡಿ ಹಿಡಿಯುವ ಬೋನಿನ ಹಗ್ಗಕ್ಕೆ ಸಿಕ್ಕಿಕೊಂಡ ಡಾಲ್ಫಿನ್ ಮರಿ ಅವನ ಕಣ್ಣಿಗೆ ಬೀಳುತ್ತದೆ. ಮರಿ ಉಳಿಯುತ್ತದೆ, ಆದರೆ ಬಾಲ ಹೋಗುತ್ತದೆ. ಅದಕ್ಕೊಂದು ಕೃತಕ ಬಾಲ ಮಾಡಿ ತೊಡಿಸುತ್ತಾರೆ. ನಾನು ಹೇಳಿದ ದೃಶ್ಯ ಬರುವುದು ಇಲ್ಲಿ. ಡಾಲ್ಫಿನ್ ಆ ಬಾಲವನ್ನು ಕೊಳದ ಗೋಡೆಗೆ ಬಡಿದು ಬಡಿದು ಕಿತ್ತುಹಾಕುತ್ತದೆ.

“ಪಾಪ, ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದಾರೆ, ಇದಕ್ಕೆ ಯಾಕಪ್ಪಾ ಬೇಡ?” ಅಂತ ನನ್ನ ಮಗಳು ಕೇಳಿದಳು. ಅವಳಿಗೆ 8 ವರ್ಷ. ನಾನು ಸಿನಿಮಾ ನಿಲ್ಲಿಸಿದೆ.

ನನ್ನ ಮೊದಲ ಕಾಲನ್ನು ನಾನೂ ಮೂಲೆಗೆ ಎಸೆದಿದ್ದೆ. ನಾಲ್ಕು ಹೆಜ್ಜೆ ಇಟ್ಟರೆ ಜೀವ ಹೋಗುವಷ್ಟು ನೋವು. ಬಂದವರೆಲ್ಲ “ಮನಸ್ಸು ಗಟ್ಟಿ ಮಾಡ್ಕೋ, ಎಲ್ಲ ಸರಿಹೋಗುತ್ತೆ” ಅಂತಿದ್ದರು. ನನ್ನ ಮನಸ್ಸೇ ಸರಿ ಇಲ್ಲವೇನೋ ಅಂತ ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ. ತೊಂದರೆ ಇದ್ದದ್ದು ಸಾಕೆಟ್‌ನಲ್ಲಿ. ಉಳಿದ ಕಾಲು ಕೂರುವ ಬಟ್ಟಲು ಅದು. ಅದರ ಒಂದು ಅಂಚು ಮೂಳೆಯ ತುದಿಗೆ ಒತ್ತುತ್ತಿತ್ತು. ಕಾಲು ಮಾಡುವವರು ಆ ಜಾಗವನ್ನು ಬೆರಳಿನಿಂದ ಸವರಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಂದಿಷ್ಟು ಉಜ್ಜಿ ತೆಗೆದರು. ಅವತ್ತೇ ಕೋಣೆಯ ಆ ತುದಿಯ ತನಕ ನಡೆದೆ.

ಇಷ್ಟು ಹೇಳಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ “ನಿನ್ನ ಕಾಲು ತೋರಿಸ್ತೀಯಾ?” ಅಂದಳು. ಅಲ್ಲಿಯ ತನಕ ಅವಳು ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ. ಕಾಲು ಕಳಚಿ, ಲೈನರ್, ಅಂದರೆ ಸಾಕೆಟ್‌ನ ಒಳಗೆ ಚರ್ಮದ ಮೇಲೆ ತೊಡುವ ಮೆತ್ತನೆಯ ಚೀಲ, ಅದನ್ನು ಮಡಚಿ ಕೆಳಗಿಳಿಸಿದೆ. ಒಳಗೆಲ್ಲ ಬೆವರು. ಚರ್ಮದ ಮೇಲೆ ಒಂದು ಕಡೆ ಕೆಂಪಗಾಗಿತ್ತು. ಆ ಕೆಂಪು ಬೇಗ ಮಾಯವಾದರೆ ಚಿಂತೆ ಇಲ್ಲ, ತುಂಬಾ ಹೊತ್ತು ಹಾಗೇ ಉಳಿದರೆ ಅಲ್ಲಿ ಏನೋ ಒತ್ತುತ್ತಿದೆ ಅಂತ ಅರ್ಥ ಎಂದೆ. ಅವಳು ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತಳು. ಸಿನಿಮಾ ಮುಂದುವರಿದದ್ದು ಕೆಂಪು ಹೋದ ಮೇಲೆ.

ಆ ಡಾಲ್ಫಿನ್ ನಿಜವಾಗಿಯೂ ಇತ್ತು. ಹೆಸರು ವಿಂಟರ್. 2005ರ ಡಿಸೆಂಬರ್‌ನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬ ಮೀನುಗಾರನಿಗೆ ಸಿಕ್ಕಿತ್ತು. ಆಗ ಅದು ಕೆಲವೇ ತಿಂಗಳ ಮರಿ. ಕ್ಲಿಯರ್‌ವಾಟರ್ ಮರೀನ್ ಅಕ್ವೇರಿಯಂನವರು ಅದನ್ನು ಉಳಿಸಿಕೊಂಡರು. ಡಾಲ್ಫಿನ್‌ಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿ ಈಜುತ್ತವೆ. ಬಾಲ ಹೋದ ಮೇಲೆ ವಿಂಟರ್ ಮೀನಿನ ಹಾಗೆ ಅಕ್ಕಪಕ್ಕ ಮೈ ಬಳುಕಿಸಿ ಈಜಲು ತಾನೇ ಕಲಿತುಕೊಂಡಿತು. ನೋಡುವವರಿಗೆ ಸಂತೋಷ. ಆದರೆ ಹಾಗೇ ಬಿಟ್ಟರೆ ಬೆನ್ನುಮೂಳೆ ಹಾಳಾಗುತ್ತಿತ್ತು.

ಮನುಷ್ಯರಿಗೆ ಕಾಲು ಮಾಡುವ ಕೆವಿನ್ ಕ್ಯಾರಲ್ ಮತ್ತು ಡ್ಯಾನ್ ಸ್ಟ್ರೆಂಪ್ಕಾ ಬಾಲ ಮಾಡಲು ಒಪ್ಪಿಕೊಂಡರು. ಡ್ಯಾನ್ ಸ್ವತಃ ಕೃತಕ ಕಾಲಿನಲ್ಲಿ ನಡೆಯುವವರು. ಕಾಲಿಗಾದರೆ ಸಾಕೆಟ್ ಕೂರಿಸಲು ಒಳಗೊಂದು ಉದ್ದದ ಮೂಳೆ ಇರುತ್ತದೆ. ಡಾಲ್ಫಿನ್‌ನ ಹಿಂಭಾಗ ನುಣುಪು, ಪೂರ್ತಿ ಬಳುಕುವಂಥದ್ದು, ಚರ್ಮವೋ ಬಲು ನಾಜೂಕು. ಮಾಡಿದರು, ಕಳಚಿದರು, ತಿದ್ದಿದರು, ಮತ್ತೆ ಮಾಡಿದರು. ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಚರ್ಮಕ್ಕೆ ನೋವಾಗದ ಹಾಗೆ ಒಳಗೆ ತೊಡಿಸಲು ಮೆತ್ತನೆಯ ಜೆಲ್ ಒಂದನ್ನು ರೂಪಿಸಿದರು. ಆಮೇಲೆ ಅದೇ ಜೆಲ್ ಕೈಕಾಲು ಕಳೆದುಕೊಂಡ ಮನುಷ್ಯರಿಗೂ ಬಂತು. ಬಾಲ ಬಂದ ಮೇಲೂ ವಿಂಟರ್ ಅದನ್ನು ಇಡೀ ದಿನ ತೊಡುತ್ತಿರಲಿಲ್ಲ. ತರಬೇತುದಾರರ ಎದುರಿಗೆ ಸ್ವಲ್ಪ ಸ್ವಲ್ಪ ಹೊತ್ತು, ವರ್ಷಗಟ್ಟಲೆ. ಸಿನಿಮಾದಲ್ಲಿ ಇದೆಲ್ಲ ಬೇಗ ಬೇಗ ಮುಗಿದುಹೋಗುತ್ತದೆ. ನನಗೆ ಅದೊಂದೇ ಬೇಜಾರು.

ಸಿನಿಮಾದ ಹುಡುಗ ಕಲ್ಪನೆಯ ಪಾತ್ರ. ಇರಲಿ, ನನಗೆ ಅವನನ್ನು ಕಂಡರೆ ಪ್ರೀತಿ. ಆದರೆ ಅವನು ಮಾಡಿದ್ದು ಏನು ಅಂತ ಸರಿಯಾಗಿ ನೋಡಿ. ಡಾಲ್ಫಿನ್ ಹಟ ಮಾಡುತ್ತಿದೆ ಅಂತ ಅವನು ಬೈಯುವುದಿಲ್ಲ, ಗಟ್ಟಿ ಮನಸ್ಸು ಮಾಡು ಅಂತ ಬುದ್ಧಿ ಹೇಳುವುದಿಲ್ಲ. ಅದರ ಹತ್ತಿರವೇ ಇದ್ದು, ಬಾಲದ ಪ್ಲಾಸ್ಟಿಕ್ಕು ಅದರ ಚರ್ಮಕ್ಕೆ ಉರಿ ಕೊಡುತ್ತಿದೆ ಅಂತ ಕಂಡುಹಿಡಿಯುತ್ತಾನೆ. ಆಮೇಲೇ ಜೆಲ್ ಬರುವುದು. ಪ್ರೀತಿ ಅಂತ ನೀವು ಬರೆದದ್ದು ಇದನ್ನೇ ಆದರೆ ನನ್ನದೇನೂ ತಕರಾರಿಲ್ಲ. ಪವಾಡ ಅಂದಾಗ ಮಾತ್ರ ಕಷ್ಟ. ಕೃತಕ ಕೈ ಹೊಂದದೆ ಅಳುತ್ತಿರುವ ಮಗುವೊಂದು ನಿಮ್ಮ ಪುಟ ಓದಿದರೆ, ನನಗೆ ಯಾಕೆ ಪವಾಡ ಆಗಲಿಲ್ಲ, ನನ್ನ ಮನೆಯವರ ಪ್ರೀತಿ ಸಾಲಲಿಲ್ವಾ ಅಂತ ಯೋಚಿಸುತ್ತದೆ ಅಲ್ವಾ? ನಾನು ಹಾಗೆ ಯೋಚಿಸಿದವನು.

ಸಿನಿಮಾ ಮುಗಿದ ಮೇಲೆ, ವಿಂಟರ್ ಈಗ ಎಲ್ಲಿದೆ ಅಂತ ಮಗಳು ಕೇಳಿದಳು. 2021ರ ನವೆಂಬರ್‌ನಲ್ಲಿ ತೀರಿಕೊಂಡಿತು, ಕೊನೆಯ ತನಕ ಅದೇ ಅಕ್ವೇರಿಯಂನಲ್ಲಿ ಇತ್ತು ಅಂದೆ. ಸಮುದ್ರಕ್ಕೆ ಯಾಕೆ ಬಿಡಲಿಲ್ಲ ಅಂತ ಕೇಳಿದಳು. ಬಾಲವಿಲ್ಲದೆ ಅದು ಅಲ್ಲಿ ಬದುಕುತ್ತಿರಲಿಲ್ಲ ಅಂತ ಇದ್ದದ್ದು ಇದ್ದ ಹಾಗೇ ಹೇಳಿದೆ. ಅತ್ತಳು. ಆದರೆ ಸುಳ್ಳು ಹೇಳಬೇಕಿತ್ತು ಅಂತ ನನಗೆ ಅನ್ನಿಸಲಿಲ್ಲ.

ಮುಂದಿನ ಭಾನುವಾರ ಅದೇ ಪುಟದಲ್ಲಿ ಎರಡು ಸಾಲು ಸೇರಿಸಿ ಅಂತ ನನ್ನ ಕೋರಿಕೆ. ಬಾಲ ಮಾಡಿದ ಆ ಇಬ್ಬರ ಹೆಸರು ಬರಲಿ. ಇನ್ನೊಂದು, ಕಥೆ ಮುಗಿಯಿತು ಅಂತ ಟಿವಿ ಆರಿಸಬೇಡಿ ಅಂತಲೂ ಮಕ್ಕಳಿಗೆ ಹೇಳಿ. ಕೊನೆಯಲ್ಲಿ ಹೆಸರುಗಳು ಬರುವಾಗ ನಿಜವಾದ ವಿಂಟರ್‌ನ ಹಳೆಯ ದೃಶ್ಯಗಳಿವೆ. ಕೃತಕ ಕಾಲಿನವರು ಅದನ್ನು ನೋಡಲು ಕೊಳದ ಹತ್ತಿರ ಬಂದಿದ್ದಾರೆ. ನನ್ನ ಮಗಳು ಆ ಭಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದಳು.

ಇಂತಿ,
ನಿಮ್ಮ ಓದುಗ